ಕರುವಿನ ಪಾಲಿನ ಹಾಲು

(ಪುಣೆಯ ಬಿಬವೇವಾಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿ ಉಪನ್ಯಾಸಗಳಲ್ಲಿ ವಚನಕಾರರ ಬಗ್ಗೆ, ದಾಸರ ಬಗ್ಗೆ ಕೇಳಿ ರೂಢಿಯಾದ ಕಿವಿಗಳಿಗೆ ಇವತ್ತು ಕರುವಿನ ಗಂಜಲ, ಸಗಣಿಯ ಮಾತು ಕೇಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ದತ್ತಿ ಇಟ್ಟವರ ಹಿರಿಯರು ಎಮ್ಮೆ ಕಟ್ಟಿ, ಹಾಲಿನ ದುಡ್ಡಿನಲ್ಲೇ ಮಕ್ಕಳನ್ನು ಓದಿಸಿ ಪುಣೆಗೆ ಕಳಿಸಿದವರಂತೆ. ಹಾಗಾಗಿ ವಿಷಯ ಆರಿಸುವಾಗ ನನಗೆ ಸಂಕೋಚ ಆಗಲಿಲ್ಲ. ಈ ಸಭೆಯಲ್ಲಿ ಕಲಬುರಗಿ, ವಿಜಯಪುರ, ಬೆಳಗಾವಿ ಸೀಮೆಯವರು ಬಹಳ ಜನ ಇದ್ದೀರಿ. ಊರಿನ ಮನೆಯ ಹಿತ್ತಲಲ್ಲಿ ಇನ್ನೂ ಒಂದೆರಡು ದನ ಇದ್ದವರಿದ್ದೀರಿ, ಇಲ್ಲಿಂದ ಹಣ ಕಳಿಸಿ ತಮ್ಮನಿಗೋ ಅಳಿಯನಿಗೋ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಆಕಳು ಕೊಡಿಸಿದವರೂ ಇದ್ದೀರಿ. ಮಾತು ಮುಖ್ಯವಾಗಿ ನಿಮಗೇ.

ನಮ್ಮಂಥ ಬಿಸಿಲ ಸೀಮೆಯಲ್ಲಿ ಹೈನು ಕರುಗಳು ಮೊದಲ ಕೆಲವು ತಿಂಗಳು ಯಾಕೆ ನೆಟ್ಟಗೆ ಬೆಳೆಯುವುದಿಲ್ಲ ಎಂದು ಪಠ್ಯಪುಸ್ತಕವನ್ನು ಕೇಳಿದರೆ ಅದು ಉದ್ದ ಪಟ್ಟಿ ಕೊಡುತ್ತದೆ. ತಳಿ, ಹುಟ್ಟಿದಾಗಿನ ತೂಕ, ತಾಯಿಯ ಎಷ್ಟನೇ ಸೂಲು, ಹುಟ್ಟಿದ ಕಾಲ, ಗಂಡೋ ಹೆಣ್ಣೋ, ಸೆಕೆ, ಹುಳು, ಉಣ್ಣೆ, ಭೇದಿ, ನೆಗಡಿ. ಎಲ್ಲವೂ ನಿಜ, ಒಂದನ್ನೂ ತೆಗೆದುಹಾಕುವಂತಿಲ್ಲ. ಆದರೆ ಪಟ್ಟಿಯಲ್ಲಿ ಎಲ್ಲೂ ಕಾಣದ ವಸ್ತು ಒಂದಿದೆ: ಬೆಳಗ್ಗೆ ಆರು ಗಂಟೆಗೆ ಡೈರಿಗೆ ಹೋಗುವ ಹಾಲಿನ ಕ್ಯಾನು. ಆ ಕ್ಯಾನಿಗೆ ಎಷ್ಟು, ಕರುವಿಗೆ ಎಷ್ಟು ಎಂದು ಮನೆಯವರು ದಿನಕ್ಕೆ ಎರಡು ಸಲ ತೀರ್ಮಾನ ಮಾಡುತ್ತಾರೆ. ನನ್ನ ಅನುಭವದಲ್ಲಿ ಕರುವಿನ ಬೆಳವಣಿಗೆಯನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುವುದು ಆ ತೀರ್ಮಾನ. ಸೆಕೆ, ಹುಳು, ಭೇದಿ ಇವು ಹೊಟ್ಟೆ ತುಂಬಿದ ಕರುವನ್ನು ಹಿಂದೆ ತಳ್ಳುತ್ತವೆ, ಹಸಿದ ಕರುವನ್ನು ಕೊಲ್ಲುತ್ತವೆ.

ಸೊಲ್ಲಾಪುರದ ಕಡೆಯಿಂದ ರೈಲಿನಲ್ಲಿ ಬರುವಾಗ ದೌಂಡ್ ದಾಟಿದ ಮೇಲೆ ಉರುಳಿ ಎಂಬ ನಿಲ್ದಾಣ ಹಾಯುತ್ತದೆ. 1946ರ ಮಾರ್ಚಿನಲ್ಲಿ ಗಾಂಧೀಜಿ ಆ ಉರುಳಿ ಕಾಂಚನಕ್ಕೆ ಬಂದು ನಿಸರ್ಗೋಪಚಾರ ಆಶ್ರಮ ತೆರೆದು, ಮಣಿಭಾಯಿ ದೇಸಾಯಿ ಎಂಬ ಯುವಕನ ಕೈಗೆ ಅದನ್ನು ಒಪ್ಪಿಸಿದರು. ಮಣಿಭಾಯಿ ಅಲ್ಲೇ ಉಳಿದರು, ಗೀರ್ ಆಕಳು ಸಾಕಿದರು, 1967ರಲ್ಲಿ ಬೈಫ್ ಸಂಸ್ಥೆ ಕಟ್ಟಿದರು. ಹೆಪ್ಪುಗಟ್ಟಿಸಿದ ವೀರ್ಯವನ್ನು ರೈತನ ಅಂಗಳಕ್ಕೇ ಒಯ್ದು ಆಕಳಿಗೆ ಕೊಡುವ ಕೆಲಸವನ್ನು ಈ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರಲ್ಲಿ ಬೈಫ್‌ನವರು ಮುಂಚೂಣಿಯಲ್ಲಿದ್ದಾರೆ. ಕರ್ನಾಟಕದಲ್ಲಿ ತಿಪಟೂರನ್ನು ನೆಲೆ ಮಾಡಿಕೊಂಡು ಅದೇ ಕೆಲಸ ಬೆಳೆಸಿದರು. 1982ರಲ್ಲಿ ಮಣಿಭಾಯಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅತ್ತ ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದವರು ಹೋಲ್‌ಸ್ಟೀನ್, ಜರ್ಸಿ, ಗೀರ್ ಮೂರನ್ನೂ ಕೂಡಿಸಿ ಫುಲೆ ತ್ರಿವೇಣಿ ಎಂಬ ಆಕಳನ್ನು ರೂಪಿಸಿದರು. ಅಂದರೆ ನೀವು ಬದುಕುತ್ತಿರುವ ಈ ಜಿಲ್ಲೆ ಮತ್ತು ಅದರ ಅಕ್ಕಪಕ್ಕ, ಒಳ್ಳೆಯ ತಳಿಯ ಕರು ಹುಟ್ಟಿಸುವ ಕಲೆಯನ್ನು ಅರ್ಧ ಶತಮಾನದ ಹಿಂದೆಯೇ ಕಲಿತ ಸೀಮೆ.

ನನ್ನ ಕೊರಗು ಇಷ್ಟೇ. ವೀರ್ಯ ಅಂಗಳಕ್ಕೆ ಬರುವಂತೆ ಆಯಿತು, ಕರು ಹುಟ್ಟಿತು, ದಾಖಲೆ ಪುಸ್ತಕದಲ್ಲಿ ‘ಹುಟ್ಟಿದ ಕರು 1’ ಎಂದು ಬರೆದದ್ದೂ ಆಯಿತು. ಸರ್ಕಾರದ ಲೆಕ್ಕ, ಒಕ್ಕೂಟದ ಲೆಕ್ಕ ಹೆಚ್ಚಾಗಿ ಅಲ್ಲಿಗೆ ಮುಗಿಯುತ್ತದೆ. ಎರಡು ತಿಂಗಳಿಗೆ ಆ ಕರು ಎಷ್ಟು ತೂಗಿತು ಎಂದು ಬರೆಯಲು ಆ ಪುಸ್ತಕದಲ್ಲಿ ಅಂಕಣವೇ ಇಲ್ಲ.

ಈಗ ಹುಟ್ಟಿದ ಮೊದಲ ಆರು ತಾಸಿಗೆ ಬರೋಣ. ನಮ್ಮ ಇಡೀ ವಿಷಯದಲ್ಲಿ ಅಷ್ಟು ಬೆಲೆಬಾಳುವ ಹೊತ್ತು ಬೇರೊಂದಿಲ್ಲ.

ಮನುಷ್ಯರ ಕೂಸು ಹೊಟ್ಟೆಯಲ್ಲಿದ್ದಾಗಲೇ ತಾಯಿಯ ರಕ್ತದಿಂದ ರೋಗನಿರೋಧಕ ಕಣಗಳನ್ನು ಪಡೆದುಕೊಂಡು ಹುಟ್ಟುತ್ತದೆ. ಆಕಳು, ಎಮ್ಮೆಯ ಮಾಸಿನ ರಚನೆ ಬೇರೆ. ತಾಯಿ ಮತ್ತು ಕರುವಿನ ರಕ್ತದ ನಡುವೆ ಪದರಗಳು ಹೆಚ್ಚು, ಆ ದೊಡ್ಡ ಕಣಗಳು ದಾಟುವುದಿಲ್ಲ. ಕರು ಈ ಲೋಕಕ್ಕೆ ಬರುವಾಗ ಅದರ ರಕ್ತದಲ್ಲಿ ರಕ್ಷಣೆ ಎಂಬುದು ಇಲ್ಲವೆನ್ನುವಷ್ಟು ಕಡಿಮೆ. ಇರುವುದೆಲ್ಲ ಗಿಣ್ಣು ಹಾಲಿನಲ್ಲಿ. ಮೊದಲ ಕರೆತದ ಗಿಣ್ಣಿನಲ್ಲಿ ಸಾಮಾನ್ಯ ಹಾಲಿಗಿಂತ ನಾಲ್ಕು ಪಟ್ಟು ಹೆಚ್ಚು ಪ್ರೋಟೀನು, ಅದರಲ್ಲಿ ದೊಡ್ಡ ಪಾಲು ಈ ನಿರೋಧಕ ಕಣಗಳು, ಜೊತೆಗೆ ಕರುವಿಗೆ ಬೇಕಾದ ಎ ಜೀವಸತ್ವ. ಕರುವಿನ ಕರುಳು ಆ ಕಣಗಳನ್ನು ಮುರಿಯದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವುದು ಹುಟ್ಟಿದ ಮೊದಲ 24 ತಾಸು ಮಾತ್ರ. ಅದರಲ್ಲೂ ಆರು ತಾಸು ಕಳೆದ ಮೇಲೆ ಆ ಶಕ್ತಿ ಬೇಗ ಬೇಗ ಇಳಿಯುತ್ತದೆ. ಮರುದಿನ ಕುಡಿಸಿದ ಗಿಣ್ಣು ಒಳ್ಳೆಯ ಆಹಾರ ಹೌದು, ರಕ್ತದಲ್ಲಿ ಕವಚ ಕಟ್ಟುವ ಕೆಲಸವನ್ನು ಅದು ಮಾಡಲಾರದು. ತೂಕದ ಹತ್ತನೇ ಒಂದು ಪಾಲು, ಅಂದರೆ 27 ಕಿಲೋ ಕರುವಿಗೆ ಸುಮಾರು ಎರಡೂಮುಕ್ಕಾಲು ಲೀಟರ್ ಗಿಣ್ಣು ಆ ಆರು ತಾಸಿನೊಳಗೆ ಹೊಟ್ಟೆ ಸೇರಬೇಕು.

ಚಿಕ್ಕೋಡಿ ಕಡೆಯ ಒಂದು ಹಳ್ಳಿಯಲ್ಲಿ ಬೆಳಗಿನ ಜಾವ ಈದ ಎಮ್ಮೆಯನ್ನು ನೋಡಲು ಹೋಗಿದ್ದೆ. ಹೊತ್ತು ನೆತ್ತಿಗೆ ಬಂದಿತ್ತು. ಕರು ಗೋಡೆಯ ಮಗ್ಗುಲಲ್ಲಿ ಕಾಲು ಮಡಚಿ ಕೂತಿದೆ, ಬಾಯಿ ಒಣಗಿದೆ, ಕೆಚ್ಚಲು ಬಿರಿಯುವಂತೆ ತುಂಬಿದೆ. ಮನೆಯ ಆಯಿಯನ್ನು ಯಾಕೆ ಬಿಟ್ಟಿಲ್ಲ ಎಂದು ಕೇಳಿದೆ. “ಸಾಹೇಬ್ರ, ಇನ್ನಾ ಮಾಸ ಬಿದ್ದಿಲ್ರಿ. ಮಾಸ ಬೀಳೂತನಕ ಕರಾ ಬಿಡಬಾರದ್ರಿ.” ನಾನಂದೆ: “ಆಯಿ, ಕರಾ ಕುಡದರನ ಮಾಸ ಲಗೂನ ಬೀಳತೈತಿ.” ಕರು ಮೊಲೆ ಚೀಪಿದಾಗ ತಾಯಿಯ ಮೆದುಳಿನಿಂದ ಇಳಿಯುವ ಆಕ್ಸಿಟೋಸಿನ್ ಹಾಲನ್ನು ಇಳಿಸುತ್ತದೆ, ಗರ್ಭಕೋಶವನ್ನೂ ಹಿಂಡುತ್ತದೆ. ಮಾಸು ಬೀಳಲು ಹನ್ನೆರಡು ತಾಸು ಹಿಡಿದರೂ ಅದು ರೋಗವೇನಲ್ಲ. ಆದರೆ ಅಷ್ಟು ಹೊತ್ತು ಕಾದ ಕರುವಿಗೆ ಆಗುವ ನಷ್ಟವನ್ನು ಮುಂದೆ ಯಾವ ಸೂಜಿಯೂ ತುಂಬುವುದಿಲ್ಲ. ಬೆಳಗಾವಿಯಿಂದ ಬೀದರದವರೆಗೆ ಈ ನಂಬಿಕೆಯನ್ನು ನಾನು ಕಂಡಿದ್ದೇನೆ. ಪುಣೆ ಜಿಲ್ಲೆಯ ಗೋಠಾಗಳಲ್ಲೂ (ಕೊಟ್ಟಿಗೆಗಳಲ್ಲೂ) ಕೇಳಿದ್ದೇನೆ.

ಗಿಣ್ಣು ಒಳ್ಳೆಯದೋ ತೆಳುವೋ ಎಂದು ನೋಡಲು ಈಗ ಸರಳ ಉಪಕರಣ ಸಿಗುತ್ತದೆ. ದ್ರಾಕ್ಷಿ ಬೆಳೆಗಾರರು ಹಣ್ಣಿನ ಸಿಹಿ ಅಳೆಯಲು ಬಳಸುವ ಬ್ರಿಕ್ಸ್ ಮಾಪಕವೇ ಇದು. ವಿಜಯಪುರ, ಸಾಂಗಲಿಯ ದ್ರಾಕ್ಷಿ ತೋಟದವರ ಕಿಸೆಯಲ್ಲಿ ಇದ್ದೇ ಇರುತ್ತದೆ. ಗಾಜಿನ ಮೇಲೆ ಒಂದು ಹನಿ ಗಿಣ್ಣು ಬಿಟ್ಟು, ಮುಚ್ಚಳ ಹಾಕಿ, ಬೆಳಕಿಗೆ ಹಿಡಿದು ಕಣ್ಣಿಟ್ಟರೆ ನೀಲಿ ಮತ್ತು ಬಿಳಿ ಸೇರುವಲ್ಲಿ ಗೆರೆ ಕಾಣುತ್ತದೆ. ಗೆರೆ 22ರ ಮೇಲೆ ಇದ್ದರೆ ಗಿಣ್ಣು ಗಟ್ಟಿ. ಅದಕ್ಕಿಂತ ಕೆಳಗಿದ್ದರೆ ಹೆಚ್ಚು ಕುಡಿಸಬೇಕು, ಇಲ್ಲವೆ ಬೇರೆ ಆಕಳ ಗಿಣ್ಣು ತರಬೇಕು. ಒಂದೇ ಮನೆಯಲ್ಲಿ ದ್ರಾಕ್ಷಿಗೆ ಮಾಪಕ ಇದೆ, ಕರುವಿಗೆ ಇಲ್ಲ ಎಂಬುದನ್ನು ನೋಡಿ ನನಗೆ ನಗು ಬಂದದ್ದುಂಟು.

ಇಲ್ಲಿ ಪುಣೆಯವರ ಜೊತೆ ಸಣ್ಣ ಜಗಳ ತೆಗೆಯಬೇಕು. ನಮ್ಮಲ್ಲಿ ಗಿಣ್ಣು ಓಣಿಗೆಲ್ಲ ಹಂಚುತ್ತೇವೆ. ಇಲ್ಲಿ ಅದು ಖರವಸವಾಗಿ ಮಿಠಾಯಿ ಅಂಗಡಿಗೆ ಬರುತ್ತದೆ, ಏಲಕ್ಕಿ ಕೇಸರಿ ಹಾಕಿ ತುಂಡು ಮಾಡಿ ಮಾರುತ್ತಾರೆ. ನಾನೂ ತಿಂದಿದ್ದೇನೆ, ರುಚಿಯ ಬಗ್ಗೆ ತಕರಾರಿಲ್ಲ. ಒಳ್ಳೆಯ ಎಚ್.ಎಫ್. ಆಕಳು ಮೊದಲ ದಿನವೇ ಕರುವಿಗೆ ಬೇಕಾದ್ದಕ್ಕಿಂತ ಹೆಚ್ಚು ಗಿಣ್ಣು ಕೊಡುತ್ತದೆ ಎಂಬುದೂ ನಿಜ. ತೊಂದರೆ ಇರುವುದು ಸರದಿಯಲ್ಲಿ. ಖರವಸ ಗಟ್ಟಿಯಾಗಿ ಕೂಡುವುದು ಮೊದಲ ಕರೆತದಿಂದ, ಕರುವಿಗೆ ಬೇಕಾದದ್ದೂ ಅದೇ ಕರೆತ. ಗಿರಾಕಿ ಬಾಗಿಲಲ್ಲಿ ನಿಂತಾಗ ಕರು ಎರಡನೇ ಸಾಲಿಗೆ ಹೋಗುತ್ತದೆ. ಮೊದಲ ಕರೆತ ಕರುವಿಗೆ, ಮಿಕ್ಕಿದ್ದರಲ್ಲಿ ಎರಡು ಬಾಟಲಿ ಫ್ರೀಜರಿಗೆ (ಮುಂದೆ ಯಾವುದೋ ಆಕಳು ಈದು ಸತ್ತರೆ ಆ ಕರುವಿಗೆ ಆಗುತ್ತದೆ), ಎರಡನೇ ಮೂರನೇ ಕರೆತ ಓಣಿಗೆ, ಅಂಗಡಿಗೆ. ಈ ಕ್ರಮದಲ್ಲಿ ಯಾರ ಬಾಯಿಗೂ ಖರವಸ ತಪ್ಪುವುದಿಲ್ಲ.

ಗಿಣ್ಣಿನ ಜೊತೆಗೇ ಇನ್ನೊಂದು ಸಣ್ಣ ಕೆಲಸ. ಹೊಕ್ಕುಳ ಬಳ್ಳಿಯನ್ನು ಎರಡು ಬೆರಳು ಬಿಟ್ಟು ಕತ್ತರಿಸಿ ಗಟ್ಟಿ ಟಿಂಚರ್ ಅಯೋಡಿನ್‌ನಲ್ಲಿ ಅದ್ದುವುದು. ಅದನ್ನು ಬಿಟ್ಟರೆ ಅಲ್ಲಿಂದ ಕೀವು ಒಳಹೊಕ್ಕು ಮೊಣಕಾಲಿನ ಕೀಲು ಬಾತು, ಕರು ಜೀವನಪರ್ಯಂತ ಕುಂಟುತ್ತದೆ. ಹತ್ತು ರೂಪಾಯಿಯೂ ಖರ್ಚಾಗದ ಕೆಲಸ ಇದು.

ಎರಡನೆಯದು ಹಾಲು. ನಮ್ಮ ಸಾಕಣೆಯ ಪುಸ್ತಕಗಳಲ್ಲಿ ಹಳೆಯ ಸೂತ್ರ ಇದೆ: ಮೊದಲ ಮೂರು ವಾರ ತೂಕದ ಹತ್ತನೇ ಒಂದು ಪಾಲು, ಆಮೇಲೆ ಹದಿನೈದನೇ ಒಂದು, ಆಮೇಲೆ ಇಪ್ಪತ್ತನೇ ಒಂದು. ಸೂತ್ರ ಹಾಲು ಉಳಿಸುವ ದೃಷ್ಟಿಯಿಂದ ಬಂದದ್ದು. ಅದನ್ನೇ ಬಿಡಿಸಿ ನೋಡೋಣ. 27 ಕಿಲೋ ಕರು ದಿನಕ್ಕೆ 2.7 ಲೀಟರ್ ಕುಡಿಯುತ್ತದೆ. ಏನೂ ಬೆಳೆಯದೆ ಸುಮ್ಮನೆ ಉಸಿರಾಡಿಕೊಂಡು, ಮೈ ಬೆಚ್ಚಗಿಟ್ಟುಕೊಂಡು ಇರಲಿಕ್ಕೇ ಅಷ್ಟು ತೂಕದ ಕರುವಿಗೆ ಒಂದೂಮುಕ್ಕಾಲು ಲೀಟರಿನಿಂದ ಎರಡು ಲೀಟರಿನವರೆಗೆ ಬೇಕು. ಉಳಿದದ್ದು ಮುಕ್ಕಾಲರಿಂದ ಒಂದು ಲೀಟರ್, ಬೆಳವಣಿಗೆಗೆ ಅಷ್ಟೇ. ಅದರಿಂದ ದಿನಕ್ಕೆ ಇನ್ನೂರು, ಇನ್ನೂರೈವತ್ತು ಗ್ರಾಂ ಮೈ ತುಂಬೀತು. ಪುಣೆಯ ಡಿಸೆಂಬರ್ ರಾತ್ರಿಯಲ್ಲಿ ಉಷ್ಣತೆ 10–12 ಡಿಗ್ರಿಗೆ ಇಳಿದಾಗ, ಒದ್ದೆ ನೆಲದ ಮೇಲೆ ಮಲಗಿದ ಕರುವಿಗೆ ಅದೂ ಚಳಿಗೇ ಹೋಗುತ್ತದೆ. ಭೇದಿ ಹತ್ತಿತೋ, ತೂಕ ಹಿಂದಕ್ಕೇ. ಅದೇ ಕರುವಿಗೆ ನಾಲ್ಕು ಲೀಟರ್ ಕೊಟ್ಟರೆ ಬೆಳವಣಿಗೆಗೆ ಸಿಗುವ ಪಾಲು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ, ದಿನಕ್ಕೆ ಅರ್ಧ ಕಿಲೋ ಹತ್ತಿರ ಬರುತ್ತದೆ. ತಾಯಿಯ ಜೊತೆ ಬಿಟ್ಟ ಕರು ದಿನಕ್ಕೆ ಆರರಿಂದ ಹತ್ತು ಸಲ ಕುಡಿದು ತನ್ನ ತೂಕದ ಐದನೇ ಒಂದು ಪಾಲಿನಷ್ಟು ಹಾಲನ್ನು ಸರಾಗವಾಗಿ ಅರಗಿಸುತ್ತದೆ. ಹಾಲು ಹೆಚ್ಚಾದರೆ ಭೇದಿ ಆಗುತ್ತದೆ ಎಂದು ನಮ್ಮವರು ಹೇಳುವುದುಂಟು. ಭೇದಿ ತರುವುದು ಹೆಚ್ಚಾಗಿ ಕೊಳಕು ಬಕೆಟ್ಟು, ತಣ್ಣಗಾದ ಹಾಲು, ಒಂದು ದಿನ ಬೇಗ ಒಂದು ದಿನ ತಡ ಎಂಬ ಹೊತ್ತುಗೆಟ್ಟ ಪದ್ಧತಿ.

ಹೆಚ್ಚಿಗೆ ಕೊಟ್ಟ 1.3 ಲೀಟರ್, 60 ದಿನಕ್ಕೆ 78 ಲೀಟರ್. ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ 2,730 ರೂಪಾಯಿ. ಇದು ನಷ್ಟವೋ ಹೂಡಿಕೆಯೋ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ತಮ್ಮ ಹಿಂಡಿನ ಅನೇಕ ವರ್ಷಗಳ ದಾಖಲೆ ತೆಗೆದು 2012ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಹಾಲು ಬಿಡಿಸುವ ಮೊದಲು ದಿನಕ್ಕೆ 100 ಗ್ರಾಂ ಹೆಚ್ಚು ಬೆಳೆದ ಕರು ಮುಂದೆ ತನ್ನ ಮೊದಲ ಸೂಲಿನಲ್ಲಿ ಸರಾಸರಿ 85 ಕಿಲೋ ಹೆಚ್ಚು ಹಾಲು ಕೊಟ್ಟಿದೆ. ಅಲ್ಲಿನ ಹೋಲ್‌ಸ್ಟೀನ್, ಅಲ್ಲಿನ ಮೇವು, ಅಲ್ಲಿನ ಹವೆ. ಆ ಅಂಕಿಯನ್ನು ಅಥಣಿಗೋ ಬಾರಾಮತಿಗೋ ಹಾಗೆಯೇ ತಂದು ಅಂಟಿಸಲು ನಾನು ಒಪ್ಪುವುದಿಲ್ಲ. ನಮಗೆ ಅದಕ್ಕಿಂತ ಗಟ್ಟಿಯಾದ ಲೆಕ್ಕ ಬೇರೆ ಇದೆ. ಮಣಕ ಬೆದೆಗೆ ಬರುವುದು ವಯಸ್ಸು ನೋಡಿಕೊಂಡಲ್ಲ, ತೂಕ ನೋಡಿಕೊಂಡು. ಎಚ್.ಎಫ್. ಮಿಶ್ರತಳಿಯ ಮಣಕ ಸುಮಾರು 250 ಕಿಲೋ ಆದಾಗ ಗರ್ಭಕ್ಕೆ ಸಿದ್ಧ. ಚೆನ್ನಾಗಿ ಬೆಳೆದದ್ದು ಎರಡೂವರೆ ವರ್ಷಕ್ಕೆ ಈಯುತ್ತದೆ. ಮೊದಲೆರಡು ತಿಂಗಳಲ್ಲಿ ಸೊರಗಿದ್ದು ಮೂರೂವರೆ ಆದರೂ ಕೊಟ್ಟಿಗೆಯಲ್ಲಿ ತಿಂದುಕೊಂಡು ನಿಂತಿರುತ್ತದೆ. ಒಂದು ವರ್ಷದ ಮೇವು, ಹಿಂಡಿ, ಮನೆಯ ಹೆಂಗಸರ ದುಡಿಮೆ ಇದಕ್ಕೆಲ್ಲ ದರ ಹಾಕಿದರೆ ಆ 2,730 ರೂಪಾಯಿ ಎಲ್ಲಿ ನಿಲ್ಲುತ್ತದೆ ನೀವೇ ನೋಡಿ.

ತೂಕ ತಿಳಿಯಲು ತಕ್ಕಡಿ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಬರುತ್ತದೆ. ಸುತ್ತಳತೆ 28, ಉದ್ದ 24 ಇದ್ದರೆ ಸುಮಾರು 28 ಕಿಲೋ. ಎರಡು ತಿಂಗಳಿಗೆ ಸುತ್ತಳತೆ 35, ಉದ್ದ 30 ಆಯಿತೆಂದರೆ 55 ಕಿಲೋ ದಾಟಿತು, ಹುಟ್ಟಿದ ತೂಕ ಹೆಚ್ಚುಕಡಿಮೆ ಇಮ್ಮಡಿ ಆಯಿತು. ಎರಡು ತಿಂಗಳಲ್ಲಿ ಇಮ್ಮಡಿ, ಅದೇ ಗುರಿ. ಲೆಕ್ಕ ಒಂದೆರಡು ಕಿಲೋ ಅತ್ತಿತ್ತ ಆದರೂ ವಾರ ವಾರ ಒಂದೇ ಜಾಗದಲ್ಲಿ ಟೇಪು ಹಿಡಿದವರಿಗೆ ಕರು ನಿಂತುಹೋದದ್ದು ಕಣ್ಣಿಗೆ ಕಾಣುವ ಮೊದಲೇ ಗೊತ್ತಾಗುತ್ತದೆ.

ಹಾಲಿನಿಂದ ಮೇವಿಗೆ ದಾಟುವ ಕಾಲದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಹುಟ್ಟಿದ ಕರುವಿಗೆ ನಾಲ್ಕು ಹೊಟ್ಟೆ ಇದ್ದರೂ ಕೆಲಸ ಮಾಡುವುದು ನಾಲ್ಕನೆಯದು ಮಾತ್ರ. ಹಾಲು ಗಂಟಲಿನಿಂದ ಒಂದು ಮಡಿಕೆಯ ಕಾಲುವೆಯಲ್ಲಿ ನೇರ ಅಲ್ಲಿಗೆ ಇಳಿಯುತ್ತದೆ. ಮೊದಲ ಹೊಟ್ಟೆ ಬೆಳೆದರೆ ತಾನೆ ಅದು ಮೆಲುಕು ಹಾಕುವ ಪ್ರಾಣಿ? ಬೇಗ ಬೆಳೆಯಲಿ ಎಂದು ನಮ್ಮವರು ಹದಿನೈದನೇ ದಿನಕ್ಕೇ ಜೋಳದ ಕಣಿಕೆಯನ್ನೋ ಹುಲ್ಲನ್ನೋ ಬಾಯಿಗೆ ಹಿಡಿಯುತ್ತಾರೆ. 1950ರ ದಶಕದಲ್ಲಿ ಕಾರ್ನೆಲ್‌ನ ಸಂಶೋಧಕರು ಕರುವಿನ ಮೊದಲ ಹೊಟ್ಟೆಯೊಳಗೆ ಸ್ಪಂಜು ತುಂಬಿ ನೋಡಿದರು. ಹೊಟ್ಟೆ ಹಿಗ್ಗಿತು, ಒಳಗೋಡೆ ಮಾತ್ರ ಬೋಳಾಗಿಯೇ ಉಳಿಯಿತು. ಆಹಾರ ಹುಳಿತಾಗ ಹುಟ್ಟುವ ಆಮ್ಲಗಳನ್ನು ಹಾಕಿದಾಗ ಒಳಗೋಡೆಯಲ್ಲಿ ಟವೆಲಿನ ನೂಲಿನಂತೆ ಕುಚ್ಚುಗಳು ಎದ್ದವು. ಸತ್ವ ಹೀರುವುದು ಆ ಕುಚ್ಚುಗಳು. ಅವು ಏಳಬೇಕಾದರೆ ಕಾಳಿನ ಹಿಟ್ಟು ಬೇಕು: ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ ಇಲ್ಲವೆ ಸೋಯಾ ಹಿಂಡಿ, ಗೋಧಿ ಬೂಸಾ, ಖನಿಜ ಮಿಶ್ರಣ, ಒಂದು ಚಿಟಿಕೆ ಉಪ್ಪು, ಒಟ್ಟಿನಲ್ಲಿ ಶೇ. 20ಕ್ಕೆ ಕಡಿಮೆಯಿಲ್ಲದ ಪ್ರೋಟೀನು. ಎರಡನೇ ವಾರದಿಂದ ಒಂದು ಹಿಡಿ ಎದುರಿಗಿಟ್ಟು, ಉಳಿದದ್ದನ್ನು ದಿನಾ ತೆಗೆದು ಹೊಸತು ಇಡಬೇಕು. ಒಣಗಿದ, ಎಂಜಲು ಹತ್ತಿದ ಹಿಂಡಿಯನ್ನು ಕರು ಮೂಸುವುದಿಲ್ಲ.

ಮತ್ತೆ ನೀರು. ‘ಹಾಲು ಕುಡಿಯುವ ಕರುವಿಗೆ ನೀರು ಯಾಕೆ’ ಎಂಬ ಪ್ರಶ್ನೆಯನ್ನು ಓದಿದವರೂ ಕೇಳುತ್ತಾರೆ. ಹಾಲು ಆ ಕಾಲುವೆಯಿಂದ ನಾಲ್ಕನೇ ಹೊಟ್ಟೆಗೆ ಹೋಯಿತು, ಮೊದಲ ಹೊಟ್ಟೆಗೆ ಹನಿಯೂ ಬೀಳಲಿಲ್ಲ. ನೀರಿಲ್ಲದೆ ಅಲ್ಲಿ ಹಿಟ್ಟು ಹುಳಿಯುವುದು ಹೇಗೆ? ಏಪ್ರಿಲ್ ಬಿಸಿಲಲ್ಲಿ ಬಾಯಿಗೆ ಕುಕ್ಕೆ ಕಟ್ಟಿ, ನೀರಿಲ್ಲದೆ ಗೂಟಕ್ಕೆ ಬಿಗಿದ ಕರು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಮಣ್ಣು ತಿನ್ನಬಾರದು ಎಂದು ಕುಕ್ಕೆ ಕಟ್ಟುತ್ತಾರೆ. ಮಣ್ಣು ನೆಕ್ಕುವುದು ಹಸಿವಿಗೆ, ಖನಿಜದ ಕೊರತೆಗೆ, ಹುಳುವಿಗೆ. ಕುಕ್ಕೆ ಮೂರನ್ನೂ ವಾಸಿ ಮಾಡುವುದಿಲ್ಲ.

ಹುಳುವಿನ ಮಾತು ಬಂತು. ಎಮ್ಮೆ ಇರುವ ಮನೆಯವರು ಇದನ್ನು ಗಮನವಿಟ್ಟು ಕೇಳಬೇಕು. ಪಂಢರಪುರಿ ಇರಲಿ, ಧಾರವಾಡಿ ಇರಲಿ, ಮುರ್ರಾ ಇರಲಿ, ಎಮ್ಮೆಯ ಕರುವಿಗೆ ದೊಡ್ಡ ದುಂಡು ಜಂತುಹುಳು ಬರುವುದು ನೆಲದಿಂದಲ್ಲ, ತಾಯಿಯ ಹಾಲಿನಿಂದಲೇ. ಟಾಕ್ಸೊಕಾರಾ ಎಂದು ಅದರ ಹೆಸರು. ಮರಿಹುಳುಗಳು ತಾಯಿಯ ಮಾಂಸದಲ್ಲಿ ವರ್ಷಗಟ್ಟಲೆ ತಣ್ಣಗೆ ಮಲಗಿರುತ್ತವೆ. ಎಮ್ಮೆ ಈಯುವ ಹೊತ್ತಿಗೆ ಎಚ್ಚೆತ್ತು ಕೆಚ್ಚಲಿಗೆ ಸರಿಯುತ್ತವೆ, ಮೊದಲ ದಿನಗಳ ಹಾಲಿನ ಜೊತೆ ಕರುವಿನ ಕರುಳಿಗೆ ಇಳಿಯುತ್ತವೆ. ಮೂರು ನಾಲ್ಕು ವಾರದಲ್ಲಿ ಗೇಣುದ್ದ ಬೆಳೆದು ಕರುಳು ತುಂಬುತ್ತವೆ. ಕರು ಬೂದಿಬಣ್ಣದ ಕೆಸರಿನಂಥ, ಕೆಟ್ಟ ನಾತದ ಸಗಣಿ ಹಾಕುತ್ತದೆ, ಹೊಟ್ಟೆ ಉಬ್ಬಿ ಪಕ್ಕೆಲುಬು ಎಣಿಸಬಹುದು. ಮೂಗು ಹತ್ತಿರ ಹಿಡಿದರೆ ಉಸಿರಿಗೆ ಹಳಸಿದ ಬೆಣ್ಣೆಯ ಹುಳಿ ವಾಸನೆ. ಆ ವಾಸನೆ ಒಮ್ಮೆ ಹತ್ತಿದರೆ ಪಶುವೈದ್ಯನ ಮೂಗು ಮರೆಯುವುದಿಲ್ಲ. ಮದ್ದು ಸುಲಭ: ಹುಟ್ಟಿದ ಹತ್ತರಿಂದ ಹದಿನಾರು ದಿನದೊಳಗೆ ಒಂದು ಸಲ ಪೈಪರಜಿನ್ ಇಲ್ಲವೆ ಪೈರಾಂಟೆಲ್, ವೈದ್ಯರು ಹೇಳಿದ ಪ್ರಮಾಣದಲ್ಲಿ. ಆಗ ಹುಳು ಮೊಟ್ಟೆ ಇಡುವ ಮೊದಲೇ ಸಾಯುತ್ತದೆ, ಕೊಟ್ಟಿಗೆಯ ನೆಲವೂ ಕೆಡುವುದಿಲ್ಲ. ಕರುವಿಗೆ ಮೂರು ತಿಂಗಳಾದ ಮೇಲೆ ಜಂತಿನ ಔಷಧಿ ಎಂದು ಕಾದು ಕೂತರೆ ಅಷ್ಟರಲ್ಲಿ ಅದು ಇರುವುದಿಲ್ಲ. ಹಾಗೆಂದು ಹುಳು ಬರುತ್ತದೆಂದು ಎಮ್ಮೆಯ ಗಿಣ್ಣು ಬಿಡಿಸಬೇಡಿ, ಆ ಮಾತು ನನ್ನ ಬಾಯಿಂದ ಬಂದಿಲ್ಲ.

ಭೇದಿಯಲ್ಲಿ ಕರುವನ್ನು ಕೊಲ್ಲುವುದು ಕ್ರಿಮಿಗಿಂತ ಮೊದಲು ನೀರು ಉಪ್ಪಿನ ಕೊರತೆ. ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಹಾಗೇ ನಿಂತರೆ, ಕಣ್ಣು ಗುಳಿ ಬಿದ್ದರೆ, ಔಷಧಿ ಅಂಗಡಿಗೆ ಓಡುವ ಮೊದಲು ಉಪ್ಪು ಸಕ್ಕರೆ ನೀರು. ಹಾಲು ನಿಲ್ಲಿಸಬೇಡಿ, ಎರಡರ ನಡುವೆ ಒಂದೆರಡು ತಾಸು ಅಂತರ ಇರಲಿ. ಲಸಿಕೆಗಳ ವಿಷಯ ಪಶು ಆಸ್ಪತ್ರೆಯಲ್ಲಿ ಹೇಳುತ್ತಾರೆ. ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳ ನಡುವೆ ಕಂದುರೋಗದ ಲಸಿಕೆ ತಪ್ಪಿಸಬೇಡಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಇನ್ನು ನಮ್ಮ ಬಿಸಿಲ ಸೀಮೆಯ ಸೆಕೆಯ ಮಾತು. ಸೆಕೆ ಕರುವನ್ನು ಹುಟ್ಟುವ ಮೊದಲೇ ಮುಟ್ಟುತ್ತದೆ. ಗರ್ಭದ ಕೂಸು ಮೂರರಲ್ಲಿ ಎರಡು ಪಾಲು ತೂಕ ಕಟ್ಟುವುದು ಕೊನೆಯ ಎರಡು ಮೂರು ತಿಂಗಳಲ್ಲಿ. ಫ್ಲೋರಿಡಾ ವಿಶ್ವವಿದ್ಯಾಲಯದವರು ತುಂಬು ಗರ್ಭದ ಆಕಳುಗಳಲ್ಲಿ ಒಂದು ಗುಂಪಿಗೆ ಫ್ಯಾನು, ನೀರಿನ ಸಿಂಚನ ಕೊಟ್ಟು ಇನ್ನೊಂದು ಗುಂಪಿಗೆ ಬರೀ ನೆರಳು ಕೊಟ್ಟು ನೋಡಿದರು. ಸೆಕೆಯಲ್ಲಿ ಬೆಂದ ತಾಯಿಯ ಕರು ಐದಾರು ಕಿಲೋ ಹಗುರ ಹುಟ್ಟಿತು, ಗಿಣ್ಣಿನಿಂದ ರಕ್ಷಣೆ ಹೀರಿಕೊಳ್ಳುವ ಶಕ್ತಿಯೂ ಅದಕ್ಕೆ ಕಡಿಮೆಯಿತ್ತು. ನಮ್ಮಲ್ಲಿ ಗಬ್ಬದ ಆಕಳನ್ನು ಹಾಲು ಬತ್ತಿದ ಕೂಡಲೇ ಕೊಟ್ಟಿಗೆಯ ಕೊನೆಗೆ, ಬಿಸಿಲಿಗೆ ಕಟ್ಟುವುದು ವಾಡಿಕೆ. ಹಾಲಿಲ್ಲವಲ್ಲ, ಹಿಂಡಿ ಯಾಕೆ! ಕಬ್ಬಿನ ಸೀಮೆಯಲ್ಲಂತೂ ಕಾರ್ಖಾನೆ ಶುರುವಾದ ಮೇಲೆ ತಿಂಗಳುಗಟ್ಟಲೆ ಬರೀ ಕಬ್ಬಿನ ತುದಿಯ ಮೇವು. ಹೊಟ್ಟೆ ತುಂಬುತ್ತದೆ, ಆದರೆ ಪ್ರೋಟೀನು ಕಡಿಮೆ, ಅದರೊಳಗಿನ ಆಕ್ಸಲೇಟು ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ಅಂಥ ತಾಯಿಯ ಗಿಣ್ಣು ಮಾಪಕದಲ್ಲಿ 22 ಮುಟ್ಟದಿದ್ದರೆ ಆಶ್ಚರ್ಯವೇನು?

ಹುಟ್ಟಿದ ಮೇಲೆ ಸೆಕೆಗಿಂತ ಹೆಚ್ಚು ಕಾಡುವುದು ತೇವ. ನಮ್ಮ ಎಮ್ಮೆಗಳು ಹೆಚ್ಚಾಗಿ ಮಳೆಗಾಲದಿಂದ ದೀಪಾವಳಿವರೆಗೆ ಈಯುತ್ತವೆ. ಕರುವನ್ನು ಕತ್ತಲೆಯ ಮೂಲೆಯಲ್ಲಿ, ಗಂಜಲ ಹರಿಯುವ ಕಾಲುವೆಯ ಪಕ್ಕ ಕಟ್ಟಿರುತ್ತಾರೆ. ನಿಂತ ಮನುಷ್ಯನಿಗೆ ಏನೂ ಅನ್ನಿಸುವುದಿಲ್ಲ. ಮಂಡಿಯೂರಿ ಕರುವಿನ ಮೂಗಿನ ಮಟ್ಟಕ್ಕೆ ಮುಖ ಇಳಿಸಿ ಹತ್ತು ಸಲ ಉಸಿರು ತೆಗೆದುಕೊಳ್ಳಿ. ಕಣ್ಣಲ್ಲಿ ನೀರು ಬಂದರೆ ಅಮೋನಿಯ ಇದೆ, ನ್ಯುಮೋನಿಯ ದೂರ ಇಲ್ಲ. ಒಣ ರವದಿ ಹಾಸಿ, ಹಗಲು ಹೊರಗೆ ಕಟ್ಟಿದರೆ ಅರ್ಧ ಕೆಲಸ ಆಯಿತು. ತಳಿಯ ಬಗ್ಗೆ ಒಂದೇ ಮಾತು: ಖಿಲಾರಿ, ಗೀರ್, ದೇವಣಿ ಕರುಗಳು ಸೆಕೆ, ಉಣ್ಣೆಯನ್ನು ಎಚ್.ಎಫ್.ಗಿಂತ ಚೆನ್ನಾಗಿ ತಾಳುತ್ತವೆ. ಹಸಿವನ್ನು ಯಾವ ತಳಿಯೂ ತಾಳುವುದಿಲ್ಲ.

ನಮ್ಮ ಹಿರಿಯರು ಹಾಲು ಹಂಚುವುದನ್ನು ಅರಿತಿದ್ದರು. ಕರುವಿಗೆ ಒಂದು ಮೊಲೆ ಬಿಟ್ಟು ಕರೆಯುವ ಪದ್ಧತಿ ಇತ್ತು. ಎಮ್ಮೆ, ನಾಟಿ ಆಕಳು ಕರು ಬಿಡದೆ ತೊರೆ ಬಿಡುವುದೇ ಇಲ್ಲ. ಕರೆದಾದ ಮೇಲೆ ಕೆಚ್ಚಲಲ್ಲಿ ಉಳಿದ ಹಾಲು ಕೊಬ್ಬಿನಲ್ಲಿ ಎಲ್ಲಕ್ಕಿಂತ ದಪ್ಪ, ಅದನ್ನು ಕರು ಚೀಪುತ್ತಿತ್ತು. ಕರೆಯುವ ಮೊದಲೂ ನಂತರವೂ ಸ್ವಲ್ಪ ಹೊತ್ತು ಕರು ಬಿಡುವ ಈ ಕ್ರಮವನ್ನು ಉಷ್ಣವಲಯದ ಹೈನು ಬಗ್ಗೆ ಬರೆದ ಟಿ.ಆರ್. ಪ್ರೆಸ್ಟನ್ ಅವರಂಥ ವಿಜ್ಞಾನಿಗಳು ಎತ್ತಿಹಿಡಿದರು. ಕರು ಬೆಳೆಯುತ್ತದೆ, ಕೆಚ್ಚಲು ಬಾವು ಕಡಿಮೆ ಆಗುತ್ತದೆ, ಒಟ್ಟು ಹಾಲೂ ಇಳಿಯುವುದಿಲ್ಲ. ಬಕೆಟ್ಟಿನಲ್ಲಿ ಕುಡಿಸುವುದು ದೊಡ್ಡ ಫಾರ್ಮಿಗೆ ಅನುಕೂಲ. ಎರಡು ದನ ಇರುವ ಮನೆಗೆ ಹಳೆಯ ಪದ್ಧತಿಯಲ್ಲಿ ತಪ್ಪಿಲ್ಲ.

ಗಂಡುಗರುವಿನ ವಿಷಯ ಕಷ್ಟದ್ದು. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ದೇಶದಲ್ಲಿ ಗಂಡು ದನಗಳ ಸಂಖ್ಯೆ ಶೇ. 30ರಷ್ಟು ಇಳಿಯಿತು. ಟ್ರ್ಯಾಕ್ಟರ್ ಬಂತು, ಎತ್ತು ಬೇಡವಾಯಿತು, ಮಾರುವ ದಾರಿಯನ್ನು ಮೊದಲು ಮಹಾರಾಷ್ಟ್ರದ, ಆಮೇಲೆ ಕರ್ನಾಟಕದ ಗೋಹತ್ಯೆ ನಿಷೇಧ ಕಾನೂನು ಮುಚ್ಚಿತು. ಎಚ್.ಎಫ್. ಗಂಡುಗರು ಹುಟ್ಟಿದ ಮನೆಯಲ್ಲಿ ಯಾರೂ ಅದನ್ನು ಕೊಲ್ಲುವುದಿಲ್ಲ, ಹಾಲು ಮಾತ್ರ ಬಿಡುವುದಿಲ್ಲ. ‘ಲಿಂಗ’ ಎಂದು ಪಠ್ಯಪುಸ್ತಕದ ಪಟ್ಟಿಯಲ್ಲಿ ಇರುವ ಅಂಶಕ್ಕೆ ನಮ್ಮ ಕೊಟ್ಟಿಗೆಯಲ್ಲಿ ಇದೇ ಅರ್ಥ. ಹೆಣ್ಣುಗರುವೇ ಹುಟ್ಟುವಂತೆ ಲಿಂಗ ಬೇರ್ಪಡಿಸಿದ ವೀರ್ಯ ಈಗ ಬಂದಿದೆ, ಉರುಳಿ ಕಾಂಚನದಲ್ಲೂ ತಯಾರಾಗುತ್ತದೆ. ನಾನು ಅದರ ಪರ. ಹುಟ್ಟಿಸಿ ಉಪವಾಸ ಕೆಡವುವುದಕ್ಕಿಂತ ಹುಟ್ಟಿಸದೆ ಇರುವುದು ಮೇಲು ಎಂದು ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು.

ಕೊನೆಯದಾಗಿ ದುಡ್ಡಿನ ಮಾತು. ಕರ್ನಾಟಕದಲ್ಲಿ ಸಂಘಕ್ಕೆ ಹಾಕಿದ ಪ್ರತಿ ಲೀಟರಿಗೂ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. ಒಳ್ಳೆಯದೇ. ಆದರೆ ಕರು ಕುಡಿದ ಲೀಟರಿಗೆ ಪ್ರೋತ್ಸಾಹಧನ ಇಲ್ಲ. ಹಾಗಾದರೆ ರೈತ ಯಾವ ಕಡೆ ಹಾಲು ಸುರಿಯುತ್ತಾನೆ? ಕೇರಳದವರು 1976ರಿಂದಲೇ ಆಯ್ದ ಮಿಶ್ರತಳಿ ಹೆಣ್ಣುಗರುಗಳನ್ನು ದಾಖಲು ಮಾಡಿಕೊಂಡು, ಅವುಗಳ ಹಿಂಡಿಗೆ ಸಬ್ಸಿಡಿ ಕೊಡುವ ಯೋಜನೆ ನಡೆಸುತ್ತ ಬಂದಿದ್ದಾರೆ. ಅದು ಕರುವಿಗೆ ಕೆಲವು ತಿಂಗಳಾದ ಮೇಲೆ ಶುರುವಾಗುತ್ತದೆ, ನನ್ನ ದೃಷ್ಟಿಯಲ್ಲಿ ತಡವೇ. ನಮ್ಮ ಹಾಲು ಒಕ್ಕೂಟಗಳು, ಇಲ್ಲೇ ಹತ್ತಿರದ ಕಾತ್ರಜ್ ಡೈರಿಯಂಥ ಸಂಘಗಳು ಕೂಡ, ಅರವತ್ತನೇ ದಿನ ಟೇಪು ಹಿಡಿದು, ಹುಟ್ಟಿದ ತೂಕ ಇಮ್ಮಡಿ ಆದ ಹೆಣ್ಣುಗರುವಿಗೆ ಆ ಎಪ್ಪತ್ತೆಂಟು ಲೀಟರಿನ ಬೆಲೆಯಲ್ಲಿ ಅರ್ಧವನ್ನಾದರೂ ರೈತನ ಖಾತೆಗೆ ಹಾಕಲಿ. ಹಾಲಿನ ಕೊಬ್ಬು ಅಳೆಯಲು ಹಳ್ಳಿ ಹಳ್ಳಿಗೆ ಯಂತ್ರ ಇಟ್ಟವರಿಗೆ ಒಂದು ಟೇಪು ಇಡುವುದು ಭಾರವಲ್ಲ. ಅಲ್ಲಿಯವರೆಗೆ, ಊರಿಗೆ ಆಕಳ ಹಣ ಕಳಿಸುವ ನೀವು ಅದರ ಜೊತೆಗೆ ಮೊದಲ ಎರಡು ತಿಂಗಳ ಕರುವಿನ ಹಾಲಿನ ಹಣವನ್ನೂ ಸೇರಿಸಿ ಕಳಿಸಬಹುದು, ಮತ್ತು ಫೋನಿನಲ್ಲಿ ‘ಎಷ್ಟು ಲೀಟರ್ ಕೊಡತೈತಿ’ ಎಂದು ಕೇಳುವಾಗ ‘ಕರಾ ಎಷ್ಟ ಇಂಚ ಆತು’ ಎಂದೂ ಕೇಳಬಹುದು.

ಪ್ರಶ್ನೆಗಳಿಗೆ ಸಮಯ ಇದೆ ಎಂದು ಅಧ್ಯಕ್ಷರು ಹೇಳುತ್ತಿದ್ದಾರೆ. ಕೇಳಿ.